ಜ್ವರದ ದಿನ ಬಂದ 561

ರಾಜ್ಯಮಟ್ಟದ 10 ಮೀಟರ್ ಏರ್ ಪಿಸ್ತೂಲ್ ಪಂದ್ಯದ ಹಿಂದಿನ ರಾತ್ರಿ ನನಗೆ ಜ್ವರ 101 ಡಿಗ್ರಿ ದಾಟಿತ್ತು. ಬೆಳಿಗ್ಗೆ ಪ್ಯಾರಸಿಟಮಾಲ್ ನುಂಗಿದ ಮೇಲೆ ಮೈಬಿಸಿ ಇಳಿಯಿತಾದರೂ ಮೂಗು ಕಟ್ಟಿತ್ತು, ಕಾಲಿನಲ್ಲಿ ಕಸುವಿರಲಿಲ್ಲ. ಮನೆಯಲ್ಲಿದ್ದ ನೆಗಡಿಯ ಮಾತ್ರೆಯನ್ನು ಮುಟ್ಟಲಿಲ್ಲ. ಅಂಥ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಮೂತ್ರದಲ್ಲಿ ಮಿತಿ ಮೀರಿದರೆ ಪಂದ್ಯದ ದಿನ ಉದ್ದೀಪನ ಮದ್ದಿನ ಲೆಕ್ಕಕ್ಕೆ ಸೇರುತ್ತದೆ. ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾಗಿಯೂ ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ವಿಭಾಗದ ಬೆಳ್ಳಿ ಗೆದ್ದವರು. ಅವರ ಮುಂದೆ ನನ್ನ ಜ್ವರದ ಮಾತೆತ್ತಲು ಸಂಕೋಚವೇ. ಪ್ರವೇಶ ಶುಲ್ಕ ಕಟ್ಟಿಯಾಗಿದೆ ಎಂಬ ಕಾರಣಕ್ಕಷ್ಟೇ ನಾನು ಹೊರಟಿದ್ದೆ.

ನನ್ನ ಹಳೆಯ ರೋಗ ಬೇರೆಯದೇ ಇತ್ತು. ಗುರಿಹಲಗೆಯ ಕಪ್ಪು ವೃತ್ತದ ಅಗಲ 59.5 ಮಿಲಿಮೀಟರ್, ಅದರೊಳಗಿನ ಹತ್ತರ ವೃತ್ತ ಬರೀ 11.5 ಮಿಲಿಮೀಟರ್. ಒಂದೇ ಕೈಯಲ್ಲಿ ಚಾಚಿ ಹಿಡಿದ ಪಿಸ್ತೂಲು ಎಷ್ಟು ಅಭ್ಯಾಸವಿದ್ದವರಿಗೂ ತುಸು ಅಲುಗುತ್ತಲೇ ಇರುತ್ತದೆ. ಆ ಅಲುಗಾಟ ಪೂರ್ತಿ ನಿಲ್ಲಲಿ ಎಂದು ಹತ್ತು ಹನ್ನೆರಡು ಸೆಕೆಂಡು ಕಾದು, ಅಷ್ಟರಲ್ಲಿ ತೋಳು ಸೋತು ಕಣ್ಣೂ ಮಂಜಾಗಿ, ಈಗ ಸರಿಯಿದೆ ಎನ್ನಿಸಿದ ಕ್ಷಣದಲ್ಲಿ ಟ್ರಿಗರನ್ನು ಗಕ್ಕನೆ ಎಳೆದು ಎಂಟಕ್ಕೋ ಏಳಕ್ಕೋ ಹೊಡೆಯುವುದು ನನ್ನ ಅಭ್ಯಾಸವಾಗಿತ್ತು. ತರಬೇತುದಾರರು ವರ್ಷದಿಂದ ಬೈಯುತ್ತಿದ್ದರು.

ಅಕ್ಕಪಕ್ಕದ ಲೇನಿನವರಿಗೆ ಅಂಟದಿರಲೆಂದು ಹಾಕಿಕೊಂಡಿದ್ದ ಮಾಸ್ಕಿನಿಂದ ಕನ್ನಡಕಕ್ಕೆ ಹಬೆ ಕಟ್ಟುತ್ತಿದ್ದುದರಿಂದ ಗುರಿಯಿಡುವಾಗಲೆಲ್ಲ ಅದನ್ನು ಗಲ್ಲಕ್ಕೆ ಇಳಿಸಬೇಕಾಗುತ್ತಿತ್ತು. ಅಂಕಕ್ಕೆ ಸೇರದ ಗುಂಡು ಹೊಡೆದು ಗುರಿ ಸರಿಮಾಡಿಕೊಳ್ಳುವ ಸೈಟಿಂಗಿನ 15 ನಿಮಿಷದಲ್ಲೇ ಗೊತ್ತಾಗಿದ್ದು, ಆ ದಿನ ನನ್ನ ತೋಳು ಆರು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ ಎಂಬುದು. ಅಷ್ಟರಲ್ಲಿ ಗುಂಡು ಹೊರಡಬೇಕು, ಇಲ್ಲವೇ ಕೈ ಇಳಿಸಬೇಕು. ಮೂರನೆಯ ದಾರಿಯೇ ಇರಲಿಲ್ಲ. ಅರವತ್ತು ಗುಂಡಿಗೆ 75 ನಿಮಿಷವಿರುವುದರಿಂದ ಅವಸರವೇನೂ ಇರಲಿಲ್ಲ, ನಡುನಡುವೆ ಕುರ್ಚಿಯಲ್ಲಿ ಕುಳಿತು ಬಿಸಿನೀರು ಗುಟುಕರಿಸಿದೆ.

38ನೆಯ ಗುಂಡು ಚೆನ್ನಾಗಿ ನೆನಪಿದೆ. ಎರಡು ಸಲ ಎತ್ತಿ ಎರಡು ಸಲವೂ ಕೆಮ್ಮು ಬಂದು ಇಳಿಸಿದೆ. ಮೂರನೆಯ ಸಲ ಹಿಂದಿನ ಸೈಟಿನ ಕಚ್ಚಿನಲ್ಲಿ ಮುಂದಿನ ಸೈಟು, ಎರಡೂ ಬದಿಗೆ ಸಮನಾದ ಬೆಳಕಿನ ಗೆರೆ ಬಿಟ್ಟು, ಕಪ್ಪು ವೃತ್ತದ ಕೆಳಗಿನ ಬಿಳಿ ಜಾಗದಲ್ಲಿ ಮೆಲ್ಲನೆ ತೂಗಾಡುತ್ತಿತ್ತು. ತೂಗಾಡಲಿ ಎಂದು ಬಿಟ್ಟು, ಬೆರಳನ್ನು ಮಾತ್ರ ನೇರ ಹಿಂದಕ್ಕೆ ಒತ್ತುತ್ತ ಹೋದೆ. ಗುಂಡು ಹೊರಟದ್ದು ನನಗೇ ತುಸು ಅನಿರೀಕ್ಷಿತವಾಗಿತ್ತು. ಪರದೆಯಲ್ಲಿ ಹತ್ತು.

ಒಟ್ಟು ಲೆಕ್ಕ ಹಾಕುವ ತ್ರಾಣವೂ ಇಲ್ಲದ್ದರಿಂದ ಹತ್ತು ಹತ್ತು ಗುಂಡಿನ ಆರೂ ಸೀರೀಸ್ ಮುಗಿಯುವವರೆಗೆ ಮೊತ್ತದ ಕಡೆ ನೋಡಲಿಲ್ಲ: 92, 95, 94, 93, 95, 92. ಒಟ್ಟು 561. ಅದುವರೆಗಿನ ನನ್ನ ಅತ್ಯುತ್ತಮ ಅಂಕ 553 ಆಗಿತ್ತು.

ಜ್ವರವೇ ಹೊಡೆಸಿತು ಎಂದು ನಾನು ನಂಬುವುದಿಲ್ಲ. ಜ್ವರದಲ್ಲಿ ಎದೆಬಡಿತ ಏರುತ್ತದೆ, ಅದು ಗುರಿಕಾರನಿಗೆ ನಷ್ಟವೇ. ಹೆಚ್ಚು ಹೊತ್ತು ಹಿಡಿಯುವ ಶಕ್ತಿಯನ್ನು ಅದು ಕಿತ್ತುಕೊಂಡಿತು, ಅಷ್ಟೇ. ಮೂರು ವಾರದ ನಂತರ ಪೂರ್ತಿ ಗುಣವಾಗಿ ಹೊಡೆದಾಗ ಬಂದದ್ದು 548. ತೋಳಿನಲ್ಲಿ ಬಲವಿತ್ತಲ್ಲ, ಮತ್ತೆ ಕಾದಿದ್ದೆ. ಈಗ ಅಭ್ಯಾಸದ ವೇಳೆ ತರಬೇತುದಾರರು ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಾರೆ, ಏಳನೆಯ ಸೆಕೆಂಡಿಗೆ "ಇಳಿಸು" ಎನ್ನುತ್ತಾರೆ.