ತಲೆ ಅಳೆಯುವುದನ್ನು ಮರೆತಿದ್ದ ಪೇಟದ ಅಂಗಡಿ

ಸನ್ಮಾನ ಅಂದರೆ ನಮ್ಮ ಕಡೆ ಒಂದು ಸೆಟ್ಟು. ಪೇಟ, ಶಾಲು, ಹಾರ, ಫಲಕ, ಹಣ್ಣಿನ ಬುಟ್ಟಿ. ಇದರಲ್ಲಿ ಫಲಕ ನನ್ನ ಬಾಬತ್ತು. ಮೈಸೂರಿನಲ್ಲಿ ಹನ್ನೊಂದು ವರ್ಷ ಫಲಕ, ಶೀಲ್ಡು, ಟ್ರೋಫಿ ಮಾಡಿಸಿಕೊಡುವ ಪುಟ್ಟ ಅಂಗಡಿ ಇಟ್ಟುಕೊಂಡಿದ್ದೆ. "ಪೇಟಾನೂ ನೀವೇ ಸೇರಿಸಿಬಿಡಿ ಮೇಡಂ" ಎಂದು ಗಿರಾಕಿಗಳು ಅನ್ನುತ್ತಿದ್ದರಿಂದ, ಎರಡು ಬೀದಿ ಆಚೆಗಿದ್ದ ಹಳೇ ಪೇಟದ ಅಂಗಡಿಯಿಂದ ಡಜನ್ ಲೆಕ್ಕದಲ್ಲಿ ತಂದಿಡುತ್ತಿದ್ದೆ. ಆ ಪೇಟಗಳು ಹೇಗಿರುತ್ತಿದ್ದವು ಅನ್ನುವುದು ಸಭೆ-ಸಮಾರಂಭಕ್ಕೆ ಹೋದವರಿಗೆಲ್ಲ ಗೊತ್ತು. ದೊಡ್ಡ ತಲೆಯವರಿಗೆ ನೆತ್ತಿಯ ಮೇಲೆ ಕೂರುತ್ತದೆ, ಸಣ್ಣ ತಲೆಯವರಿಗೆ ಹುಬ್ಬಿಗೆ ಇಳಿಯುತ್ತದೆ. ಫೋಟೋ ಆಗುವವರೆಗೆ ಕತ್ತು ಅಲ್ಲಾಡಿಸದೆ ಕೂತಿದ್ದು, ಇಳಿದು ಬರುವಾಗ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ಆಮೇಲೆ ಅದು ಅಟ್ಟ ಸೇರುತ್ತದೆ.

2020ರ ಮಾರ್ಚಿನಲ್ಲಿ ಎಲ್ಲ ನಿಂತಿತು. ಸಭೆಯೇ ಇಲ್ಲ ಅಂದಮೇಲೆ ಸನ್ಮಾನ ಎಲ್ಲಿಯದು? ಆ ವರ್ಷದ ಜಂಬೂಸವಾರಿ ಕೂಡ ಅರಮನೆಯ ಆವರಣ ದಾಟಿ ಬರಲಿಲ್ಲ. ದಸರಾ ಮುಗಿದ ಮೇಲೆ ಒಂದು ದಿನ ಪೇಟದ ಅಂಗಡಿಯ ಯಜಮಾನರು ನನ್ನ ಹತ್ತಿರ ಬಂದು, "ಬಾಗಿಲು ಹಾಕ್ತಾ ಇದ್ದೀನಮ್ಮ. ಮಕ್ಕಳು ಯಾರೂ ಈ ಕಡೆ ಬರಲ್ಲ. ನಿನ್ನ ಬಾಕಿ ಏನಿದೆ ನೋಡು" ಅಂದರು. ಬಾಕಿ ಸಾವಿರದ ಎಂಟುನೂರು ರೂಪಾಯಿ. ಕೊಡಲು ಹೋದವಳು ಅಂಗಡಿಯ ಒಳಕೋಣೆಯನ್ನು ಮೊದಲ ಸಲ ನೋಡಿದೆ. ಮೂಲೆಯಲ್ಲಿ ಹಲಸಿನ ಮರದ ಅಚ್ಚುಗಳು ಒಂದರ ಮೇಲೊಂದು ಬಿದ್ದಿದ್ದವು, ಕತ್ತರಿಸಿಟ್ಟ ತಲೆಗಳ ಹಾಗೆ. ಎಣಿಸಿದರೆ 14. "ಇವನ್ನೇನು ಮಾಡ್ತೀರಿ?" ಅಂದೆ. "ಸೌದೆ" ಅಂದರು.

ನನ್ನ ಅಕ್ಕ ಇಪ್ಪತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಸೆಕ್ಷನ್‌ನಲ್ಲಿದ್ದವಳು. ಲಾಕ್‌ಡೌನ್‌ನಲ್ಲಿ ಕೆಲಸ ಹೋಗಿ ಮನೆಯಲ್ಲಿದ್ದಳು. ಅವಳಿಗೆ ಬಂದ ಸೆಟಲ್‌ಮೆಂಟ್ ದುಡ್ಡು, ನನ್ನ ಒಂದು ಜೊತೆ ಬಳೆ, ಇಷ್ಟು ಸೇರಿಸಿ 2021ರ ಫೆಬ್ರವರಿಯಲ್ಲಿ ಅಂಗಡಿ ವಹಿಸಿಕೊಂಡೆವು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು. ಮುಹೂರ್ತ ಅಂದರೆ ಹಾಗಿತ್ತು.

ಆ ಬಾಗಿಲು ಹಾಕಿದ ತಿಂಗಳುಗಳೇ ನಮಗೆ ಪಾಠಶಾಲೆಯಾದವು ಅಂತ ಈಗ ಅನ್ನಿಸುತ್ತದೆ. ಅಂಗಡಿಯ ಜೊತೆ ಮೂರು ಅಳತೆ ಪುಸ್ತಕ ಬಂದಿದ್ದವು. ರಟ್ಟು ಹಾಕಿದ ಉದ್ದನೆಯ ಲೆಕ್ಕದ ಪುಸ್ತಕಗಳು. ತೆರೆದರೆ ಪುಟದ ತುಂಬ ಮೊಟ್ಟೆಗಳು! ಒಂದೊಂದು ಮೊಟ್ಟೆಯ ಪಕ್ಕ ಒಂದು ಹೆಸರು, ಒಂದು ಅಂಕಿ: 21¾, 22½, 23. ಅಕ್ಕ ಇದೇನೋ ಪ್ಯಾಟರ್ನ್ ಇರಬೇಕು ಅಂದಳು. ಪುಸ್ತಕ ಹಿಡಿದುಕೊಂಡು ಅಲ್ಲಿ ಐವತ್ತು ವರ್ಷ ಕೈಕೆಲಸ ಮಾಡಿದ್ದ ತಾತನ ಮನೆಗೆ ಹೋದೆವು. ಆಗಲೇ ಎಂಬತ್ತರ ಹತ್ತಿರ, ಒಂದು ಕಣ್ಣಿಗೆ ಪೊರೆ. ಪುಟದ ಮೇಲೆ ಬೆರಳಾಡಿಸಿ, "ಇವು ತಲೆ ಕಣಮ್ಮ" ಅಂದರು.

ಟೇಪಿನಲ್ಲಿ ಅಳೆದರೆ ಸುತ್ತಳತೆ ಮಾತ್ರ ಸಿಗುತ್ತದೆ. ಆದರೆ ತಲೆ ದುಂಡಗಿರುವುದಿಲ್ಲ. 22 ಇಂಚಿನ ಇಬ್ಬರಲ್ಲಿ ಒಬ್ಬರದು ಹಿಂದಕ್ಕೆ ಉದ್ದ, ಇನ್ನೊಬ್ಬರದು ಕಿವಿಯ ಕಡೆ ಅಗಲ. ಅವರ ಪೇಟ ಇವರಿಗೆ ಹಾಕಿದರೆ ಹಣೆ ಒತ್ತುತ್ತದೆ, ಕಿವಿಯ ಮೇಲೆ ಸಂದು ಬೀಳುತ್ತದೆ. ಅದಕ್ಕೆ ತಾತ ಒಂದು ಸೀಸದ ಪಟ್ಟಿ ಇಟ್ಟುಕೊಂಡಿದ್ದರು. ಹುಬ್ಬಿನಿಂದ ಎರಡು ಬೆರಳು ಮೇಲೆ, ಕಿವಿಗೆ ತಾಗದ ಹಾಗೆ, ಹಿಂದೆ ಬುರುಡೆ ಉಬ್ಬಿರುವ ಜಾಗ ಬಳಸಿ ಅದನ್ನು ಸುತ್ತಬೇಕು. ಬಗ್ಗಿಸಿದ ಆಕಾರ ಹಾಗೇ ನಿಲ್ಲುತ್ತದೆ. ಮೆಲ್ಲಗೆ ಬಿಡಿಸಿ ಪುಸ್ತಕದ ಮೇಲಿಟ್ಟು ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆದರೆ ಆ ಮನುಷ್ಯನ ತಲೆ ಕಾಗದಕ್ಕೆ ಇಳಿಯಿತು.

ಮೂರನೇ ಪುಸ್ತಕದ ಅರ್ಧಕ್ಕೆ ಮೊಟ್ಟೆಗಳು ನಿಂತುಹೋಗಿದ್ದವು. ಆಮೇಲೆ ಬರೀ "50 ಪೀಸು", "ಸಂಘ, 25 ಪೀಸು", "100 ಪೀಸು ಅರ್ಜೆಂಟು". ಅಂಗಡಿ ಕೆಟ್ಟದ್ದು ಕೋವಿಡ್‌ನಿಂದ ಅಂತ ನಾವು ತಿಳಿದಿದ್ದೆವು. ಕೆಟ್ಟದ್ದು ಈ ಪುಟದಲ್ಲಿ.

ಹಿಂದೆ ಅರಮನೆಯ ದರ್ಬಾರಿಗೆ ಹೋಗಬೇಕಾದರೆ ಕರಿಯ ಉದ್ದ ಕೋಟು, ಬಿಳಿ ಷರಾಯಿ, ಜರಿ ಪೇಟ ಇರಲೇಬೇಕಿತ್ತು. ಕಚೇರಿ, ಕೋರ್ಟು, ಕಾಲೇಜು ಎಲ್ಲೆಲ್ಲೂ ಪೇಟ ಕಟ್ಟಿದ ತಲೆಗಳೇ. ದಿನಾ ಎಂಟು ಗಂಟೆ ಹಾಕಿಕೊಳ್ಳುವವನು ಹಣೆ ಒತ್ತುವ ಪೇಟ ಹಾಕುತ್ತಾನೆಯೆ? ಎರಡು ನಿಮಿಷದ ಪೇಟಕ್ಕೆ ಮಾತ್ರ ಅಳತೆ ಬೇಕಿಲ್ಲ. ರಟ್ಟಿನ ಪಟ್ಟಿಗೆ ಸ್ಟೇಪ್ಲರ್ ಹೊಡೆದು, ಮೇಲೆ ಸಾಟಿನ್ ಸುತ್ತಿ, ಜರಿ ಲೇಸು ಅಂಟಿಸಿ, ಮುಂದೆ ಗಂಡಭೇರುಂಡದ ಬಿಲ್ಲೆ ಚುಚ್ಚಿದರೆ ಮುಗಿಯಿತು. ಇಪ್ಪತ್ತು ನಿಮಿಷಕ್ಕೆ ಒಂದು.

ತಾತನನ್ನು ದಿನಾ ಮಧ್ಯಾಹ್ನ ಆಟೋದಲ್ಲಿ ಕರೆದುಕೊಂಡು ಬರುವುದು, ಕಾಫಿ ಕೊಡುವುದು, ಅವರು ಹೇಳಿದಂತೆ ಮಾಡುವುದು. ಇದೇ ನಮ್ಮ ಟ್ರೇನಿಂಗು. ಅವರ ಪದ್ಧತಿ ಹೀಗೆ: ಮೊದಲು ಅಚ್ಚನ್ನು ಗಿರಾಕಿಯ ತಲೆಗೆ ಹೊಂದಿಸಬೇಕು. ಹತ್ತಿರದ ಅಳತೆಯ ಅಚ್ಚು ತೆಗೆದುಕೊಂಡು, ಮೊಟ್ಟೆಯ ಗೆರೆ ನೋಡಿ ಬೇಕಾದ ಕಡೆ ಬಟ್ಟೆ ಪಟ್ಟಿ ಸುತ್ತಿ ಉಬ್ಬಿಸುವುದು. ಆಮೇಲೆ ಹಳೇ ಕಾಟನ್ ಬಟ್ಟೆಯ ತುಂಡುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಅಚ್ಚಿನ ಮೇಲೆ ಪದರ ಪದರವಾಗಿ ಹಾಕಬೇಕು. ನಾಲ್ಕು ಪದರ, ಒಂದು ಒಣಗಿದ ಮೇಲೆ ಇನ್ನೊಂದು. ಬೇಸಿಗೆಯಲ್ಲಿ ಎರಡು ದಿನ, ಆಷಾಢದಲ್ಲಿ ಐದು. ಒಣಗಿದ ಮೇಲೆ ಸಿಗುವ ಈ ಗಟ್ಟಿ ಚಿಪ್ಪಿಗೂ ಬುರುಡೆ ಅಂತಲೇ ಹೆಸರು. ಅದನ್ನು ಬೆರಳಿನಲ್ಲಿ ತಟ್ಟಿದರೆ ಹಪ್ಪಳ ತಟ್ಟಿದ ಸದ್ದು ಬರಬೇಕು. ಮೆತ್ತಗಿನ ಸದ್ದು ಬಂದರೆ ಇನ್ನೊಂದು ದಿನ ಬಿಡಬೇಕು.

ಅಂಟಿನ ವಿಷಯದಲ್ಲಿ ನಾವು ತಿಂದ ಪೆಟ್ಟು ಒಂದೆರಡಲ್ಲ. ಮೊದಲ ಹನ್ನೆರಡು ಬುರುಡೆಗಳನ್ನು ಮೂರೇ ರಾತ್ರಿಯಲ್ಲಿ ಜಿರಳೆ ಕೆರೆದು ಹಾಕಿದವು. ಮೈದಾ ಅಲ್ಲವೆ, ಅವಕ್ಕೆ ಹಬ್ಬ. ಪುಸ್ತಕ ಬೈಂಡ್ ಮಾಡುವವರು ಅಂಟಿಗೆ ಮೈಲುತುತ್ತ ಹಾಕುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ತಾತನನ್ನು ಕೇಳದೆ ಹಾಕಿದೆ. ಜಿರಳೆ ಹತ್ತಿರ ಸುಳಿಯಲಿಲ್ಲ. ಆದರೆ ಬಿಳಿ ರೇಷ್ಮೆ ಸುತ್ತಿದ ಎರಡು ವಾರಕ್ಕೆ ನೆರಿಗೆಗಳ ನಡುವಿನಿಂದ ನೀಲಿ-ಹಸಿರು ಛಾಯೆ ಮೇಲಕ್ಕೆ ಬಂತು. ತಾತ ನೋಡಿ ನಕ್ಕು, "ಒಳಗಿನ ಎರಡು ಪದರಕ್ಕೆ ಹಾಕಬೇಕು, ಹೊರಗಿನದಕ್ಕಲ್ಲ. ಕೇಳಬೇಕಲ್ವಾ?" ಅಂದರು. ಅಕ್ಕ ಇದಕ್ಕೆಲ್ಲ ಬೇಸತ್ತು ಬಿಸಿ ಅಂಟಿನ ಗನ್ ತಂದಳು. ಒಂದು ಮದುವೆಗೆ ಕೊಟ್ಟ ಪೇಟ ಮಧ್ಯಾಹ್ನ ಪೂರ್ತಿ ಬಿಸಿಲಿನಲ್ಲಿ ನಿಂತ ಕಾರಿನಲ್ಲಿತ್ತಂತೆ. ಆರತಕ್ಷತೆಯ ಹೊತ್ತಿಗೆ ಜರಿ ಅಂಚು ಸಡಿಲವಾಗಿ ಮದುಮಗನ ಕಿವಿಯ ಮೇಲೆ ಓಲೆಯ ಹಾಗೆ ನೇತಾಡಿತು. ದುಡ್ಡು ವಾಪಸ್ ಕೊಟ್ಟೆವು, ಗನ್ನನ್ನು ಫಲಕದ ಅಂಗಡಿಗೆ ಕಳಿಸಿದೆವು. ಅಂದಿನಿಂದ ಅಂಚು ಸೂಜಿಯಲ್ಲೇ.

ಬಟ್ಟೆಯಲ್ಲೂ ನನ್ನ ಜಾಣತನ ನಡೆಯಲಿಲ್ಲ. ಮೈಸೂರು ಪೇಟಕ್ಕೆ ಮೈಸೂರು ಸಿಲ್ಕೇ ಇರಲಿ ಎಂದು ಆಸೆಪಟ್ಟು ಕ್ರೇಪ್ ತಂದೆ. ನಾಲ್ವಡಿಯವರು 1912ರಲ್ಲಿ ಶುರುಮಾಡಿದ ನೇಯ್ಗೆ ಕಾರ್ಖಾನೆಯ ಹೆಸರು ಹೇಳಿಕೊಂಡು ಮಾರಬಹುದಲ್ಲ ಅನ್ನುವ ವ್ಯಾಪಾರಬುದ್ಧಿಯೂ ಇತ್ತು. ಆದರೆ ಕ್ರೇಪಿನ ನೂಲು ಬಿಗಿಯಾಗಿ ಹುರಿ ಹಾಕಿದ್ದು. ಸೀರೆಯ ಮಡಿಕೆಯೇ ಬೀಳದ ಬಟ್ಟೆ ಅಂತ ಹೆಂಗಸರು ಹೊಗಳುವುದು ಅದಕ್ಕೇ. ಮಡಿಕೆ ನಿಲ್ಲದ ಬಟ್ಟೆಯಲ್ಲಿ ಪೇಟದ ನೆರಿಗೆ ಹೇಗೆ ನಿಲ್ಲುತ್ತದೆ? ಈಗ ಸಾದಾ ನೇಯ್ಗೆಯ ತೆಳು ರೇಷ್ಮೆ ತರುತ್ತೇವೆ. ಅದನ್ನು ಓರೆಯಾಗಿ ಮಡಿಸಿ, ಒಂದೊಂದು ಬೆರಳಗಲ ನೆರಿಗೆ ಹಿಡಿದು, ಎಡದಿಂದ ಬಲಕ್ಕೆ ಎಳೆದಷ್ಟೇ ಬಿಗಿಯಲ್ಲಿ ಬಲದಿಂದ ಎಡಕ್ಕೆ ಎಳೆಯಬೇಕು. ಒಂದು ಕಡೆ ಬಿಗಿ ಜಾಸ್ತಿಯಾದರೆ ವಾರದಲ್ಲಿ ಪೇಟ ಸೊಟ್ಟಗಾಗುತ್ತದೆ. ಅಕ್ಕನಿಗೆ ಇದು ಕೈಗೆ ಹತ್ತಲು ಏಳು ತಿಂಗಳು ಬೇಕಾಯಿತು. ನನಗೆ ಇನ್ನೂ ಹತ್ತಿಲ್ಲ. ನಾನು ಅಳತೆ, ಬುರುಡೆ ಮತ್ತು ಜಗಳ ನೋಡಿಕೊಳ್ಳುತ್ತೇನೆ.

ಜರಿ ಬರುವುದು ಹೆಚ್ಚಾಗಿ ಸೂರತ್‌ನಿಂದ. ಅಸಲಿ ಅಂದರೆ ಬೆಳ್ಳಿ ತಂತಿ ಚಪ್ಪಟೆ ಮಾಡಿ ನೂಲಿಗೆ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಅದರ ಕೆಳಗಿನ ದರ್ಜೆ ತಾಮ್ರದ್ದು, ಕಾಲ ಕಳೆದಂತೆ ಕಪ್ಪಗಾಗುತ್ತದೆ. ಎಲ್ಲಕ್ಕೂ ಕೆಳಗೆ ಪ್ಲಾಸ್ಟಿಕ್ಕು. ಎಳೆಗೆ ಬೆಂಕಿಕಡ್ಡಿ ತೋರಿಸಿದರೆ ಮುದುಡಿ ಮಣಿಯಾಗುತ್ತದೆ. ಮೂರನ್ನೂ ಬಿಡಿಸಿ ತೋರಿಸಿಯೇ ಮಾರುತ್ತೇವೆ. ಅಸಲಿ ಕೇಳಿದವರು ಈವರೆಗೆ ನಾಲ್ಕೇ ಜನ.

ಸನ್ಮಾನದ ಪೇಟ ಬಿಟ್ಟೆವೇ ಅಂತ ಕೇಳಿದರೆ, ಇಲ್ಲ. ಬಿಟ್ಟರೆ ಬಾಡಿಗೆ ಯಾರು ಕಟ್ಟುತ್ತಾರೆ? ಒಂದು ಬದಲಾವಣೆ ಮಾತ್ರ ಮಾಡಿದೆವು. ಹಿಂದೆ ಒಂದೇ ಅಳತೆ ಇತ್ತು, ಈಗ ಮೂರು, ಮತ್ತು ಹಿಂಬದಿಯಲ್ಲಿ ಕಾಣದ ಹಾಗೆ ಒಂದು ಇಂಚಿನ ಎಲಾಸ್ಟಿಕ್ಕು. ಸಂಘದವರು ಆರ್ಡರ್ ಕೊಡಲು ಬಂದಾಗ "ಸನ್ಮಾನ ಯಾರಿಗೆ? ಅವರ ತಲೆ ದೊಡ್ಡದೋ ಚಿಕ್ಕದೋ?" ಅಂತ ಕೇಳುತ್ತೇನೆ. ಮೊದಮೊದಲು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. ಒಂದು ಸಂಘ ಅರವತ್ತು ಪೇಟ ಒಯ್ದು ಐದು ತಿಂಗಳು ದುಡ್ಡಿಗೆ ಅಲೆಸಿತು. ಆಮೇಲಿನಿಂದ ಅರ್ಧ ಮುಂಗಡ ಇಲ್ಲದೆ ಸೂಜಿಗೆ ದಾರ ಪೋಣಿಸುವುದಿಲ್ಲ.

ನಾವು ಎಣಿಸದೇ ಇದ್ದ ದುಡ್ಡು ಬಂದದ್ದು ಸೆಪ್ಟೆಂಬರ್‌ನಲ್ಲಿ. 5ಕ್ಕೆ ಶಿಕ್ಷಕರ ದಿನ, 15ಕ್ಕೆ ಎಂಜಿನಿಯರುಗಳ ದಿನ. ಶಾಲೆಯ ಮಕ್ಕಳಿಗೆ ರಾಧಾಕೃಷ್ಣನ್ ಆಗಬೇಕು, ವಿಶ್ವೇಶ್ವರಯ್ಯ ಆಗಬೇಕು. ಇಬ್ಬರದೂ ಒಂದೇ ಪೇಟ ಅಂದುಕೊಂಡು ಬರುವ ತಂದೆತಾಯಿಗಳಿಗೆ ಎರಡು ಫೋಟೋ ತೋರಿಸುತ್ತೇನೆ. ರಾಧಾಕೃಷ್ಣನ್ ಇಲ್ಲಿ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರಾದರೂ ಅವರು ಸುತ್ತಿದ್ದು ಸಾದಾ ಬಿಳಿ ಬಟ್ಟೆ. ಸರ್ ಎಂ.ವಿ. ಅವರದು ಜರಿ ಅಂಚಿನ ಅಪ್ಪಟ ಮೈಸೂರು ಪೇಟ, 1912ರಿಂದ 18ರವರೆಗೆ ದಿವಾನರಾಗಿದ್ದವರಲ್ಲವೆ. ಆರು ವರ್ಷದ ಮಗುವಿನ ತಲೆ ಸುಮಾರು 20 ಇಂಚು. ಅದಕ್ಕೆ ಅಚ್ಚೇ ಇರಲಿಲ್ಲ. ಬಡಗಿಯ ಹತ್ತಿರ ಎರಡು ಹೊಸ ಅಚ್ಚು ಮಾಡಿಸಿದೆವು. ಅಂಗಡಿಯಲ್ಲಿ ನಮ್ಮ ಸ್ವಂತದ್ದು ಅಂತ ಇರುವುದು ಅವೆರಡೇ.

ಮದುವೆ ಗಿರಾಕಿಗಳದು ಬೇರೆಯೇ ಕಥೆ. ಈಗಿನ ಹುಡುಗರು ಫೋನಿನಲ್ಲಿ ರಾಜಸ್ಥಾನದ ಸಾಫಾ ತೋರಿಸಿ, ಹಿಂದೆ ಬಾಲ ಇರುವಂಥದ್ದು ಬೇಕು ಅನ್ನುತ್ತಾರೆ. ಅದನ್ನು ನಾವು ಮಾಡುವುದಿಲ್ಲ. ಕೊಡಗಿನಿಂದ ಒಬ್ಬರು ಮಂಡೆ ತುಣಿ, ಅಂದರೆ ಅವರ ಕಡೆಯ ಮದುವೆಯ ಪೇಟ, ಕೇಳಿಕೊಂಡು ಬಂದರು. ಅದೂ ನಮ್ಮ ಕೈಗೆ ಮೀರಿದ್ದು, ಮಡಿಕೇರಿಯ ಕಡೆಗೇ ಕಳಿಸಿದೆ. ಅಕ್ಕ ಬೈದಳು, ಬಂದ ಗಿರಾಕಿಯನ್ನು ಓಡಿಸ್ತೀಯ ಅಂತ. ಆದರೆ ಬಡಗುತಿಟ್ಟಿನ ಯಕ್ಷಗಾನದ ವೇಷಧಾರಿಗಳು ಕೇದಗೆ ಮುಂದಲೆ ಅನ್ನುವ ತಲೆಯ ಕಟ್ಟನ್ನು ಪ್ರತಿ ಆಟಕ್ಕೂ ತಲೆಯ ಮೇಲೆಯೇ ಹೊಸದಾಗಿ ಕಟ್ಟುವುದನ್ನು, ಅವರು ವೇಷ ಹಾಕಿಕೊಳ್ಳುವ ಚೌಕಿಯಲ್ಲಿ ಒಮ್ಮೆ ಕೂತು ನೋಡಿದ್ದೇನೆ. ಒಂದು ಕಟ್ಟು ಕಲಿಯಲು ವರ್ಷಗಟ್ಟಲೆ ಬೇಕಾದಾಗ, ಎಲ್ಲವನ್ನೂ ಮಾಡಿಕೊಡುತ್ತೇವೆ ಅಂತ ಬೋರ್ಡು ಹಾಕುವುದು ನನಗೆ ಸರಿಕಾಣಲಿಲ್ಲ.

ಮದುಮಕ್ಕಳ ವಿಷಯದಲ್ಲಿ ಒಂದು ಪಾಠವನ್ನು ತಾತನೂ ಹೇಳಿಕೊಟ್ಟಿರಲಿಲ್ಲ. ಅಳತೆ ಕೊಟ್ಟು ಹೋದ ಹುಡುಗ ಮದುವೆಯ ಹಿಂದಿನ ದಿನ ಸೆಲೂನಿಗೆ ಹೋಗಿ ಎರಡೂ ಕಡೆ ಕೂದಲು ನುಣ್ಣಗೆ ತೆಗೆಸಿಕೊಂಡು ಬರುತ್ತಾನೆ. ಬಿಗಿಯಾಗಿದ್ದ ಪೇಟ ಲೊಡಲೊಡ! ಹೀಗೆ ಮೂರು ಮದುವೆಯಲ್ಲಿ ಆಯಿತು. ಈಗ ಅಳತೆಗೆ ಬರುವ ಮೊದಲೇ ಫೋನಿನಲ್ಲಿ ಹೇಳಿಬಿಡುತ್ತೇನೆ, ಕಟಿಂಗ್ ಮಾಡಿಸಿಕೊಂಡು ಬನ್ನಿ ಅಂತ.

ಅಳತೆಯ ಪೇಟಕ್ಕೆ ನಾವು ತೆಗೆದುಕೊಳ್ಳುವುದು 3,500 ರೂಪಾಯಿ. ಸನ್ಮಾನದ್ದು 350. ತಿಂಗಳಿಗೆ ಅಳತೆಯವು ಎಂಟೋ ಹತ್ತೋ ಆಗುತ್ತವೆ, ದಸರಾ ಮತ್ತು ಮಾಘದ ಮದುವೆಗಳ ಕಾಲದಲ್ಲಿ ಇಪ್ಪತ್ತು ದಾಟುತ್ತದೆ. ಫಲಕದ ಅಂಗಡಿ ಇನ್ನೂ ಮುಚ್ಚಿಲ್ಲ, ಮುಚ್ಚುವ ಧೈರ್ಯವೂ ಇಲ್ಲ. ತಾತ ಹೋದ ವರ್ಷ ತೀರಿಕೊಂಡರು. ಸೀಸದ ಪಟ್ಟಿ ನನ್ನ ಡ್ರಾಯರಿನಲ್ಲಿದೆ. ಬಗ್ಗಿಸಿ ಬಗ್ಗಿಸಿ ಒಂದು ಕಡೆ ಸೀಳು ಬಿಟ್ಟಿದೆ.

ಮೊನ್ನೆ ಸೋಮವಾರ ಒಬ್ಬರು ಒಂದು ಹಳೆಯ ತಗಡಿನ ಡಬ್ಬ ತಂದು ಮೇಜಿನ ಮೇಲಿಟ್ಟರು. ಒಳಗೆ ಅವರ ತಂದೆಯ ಪೇಟ. ಜರಿ ಕಪ್ಪಾಗಿ, ಬಟ್ಟೆ ಚಹಾದ ಬಣ್ಣಕ್ಕೆ ತಿರುಗಿತ್ತು, ಆದರೆ ಬುರುಡೆ ತಟ್ಟಿದರೆ ಹಪ್ಪಳದ ಸದ್ದು. ಮಗಳ ಮದುವೆಯಲ್ಲಿ ಧಾರೆಗೆ ನಿಲ್ಲುವಾಗ ಇದನ್ನೇ ಹಾಕಿಕೊಳ್ಳಬೇಕಂತೆ. ಒಳಪಟ್ಟಿ ಬಿಡಿಸಿ ನೋಡಿದರೆ ಶಾಯಿಯಲ್ಲಿ 22¼ ಅಂತಿತ್ತು. ಹೆಸರು ಕೇಳಿ ಎರಡನೇ ಪುಸ್ತಕ ತೆಗೆದೆ. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಮೊಟ್ಟೆ ಸಿಕ್ಕಿತು. ಅವರು ಅದರ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಸೀಸದ ಪಟ್ಟಿಯಲ್ಲಿ ಅವರ ತಲೆ ಅಳೆದು ಅದೇ ಪುಟದಲ್ಲಿ, ತಂದೆಯ ಗೆರೆಯ ಮೇಲೆಯೇ ಎಳೆದೆ. ಮುಂದೆ ಹಣೆಯ ಕಡೆ ಎರಡೂ ಗೆರೆ ಒಂದರ ಮೇಲೊಂದು ಕೂತವು. ಹಿಂದೆ ಮಗನದು ಕಾಲಿಂಚು ಹೊರಗೆ. ಹಿಂಬದಿಯ ನಾಲ್ಕು ನೆರಿಗೆ ಬಿಚ್ಚಿ, ಬುರುಡೆ ಸೀಳಿ ಪಟ್ಟಿ ಸೇರಿಸಬೇಕು. ಅಕ್ಕ ಆಗುತ್ತದೆ ಅಂದಿದ್ದಾಳೆ. ಆದರೆ ಅವರ ಕೂದಲು ಸ್ವಲ್ಪ ಉದ್ದವೇ ಇತ್ತು. ಬುಧವಾರ ಇನ್ನೊಂದು ಸಲ ಬರಲು ಹೇಳಿದ್ದೇನೆ, ಕಟಿಂಗ್ ಮಾಡಿಸಿಕೊಂಡು.