ಕಚೇರಿಯ ಸಂಬಳ, ಕೈಕೆಲಸದ ಕೂಲಿ: ಸರಿಯಾಗಿ ಹೋಲಿಸುವುದು ಹೇಗೆ?

ಒಂದು ಪ್ರದೇಶದಲ್ಲಿ ಗುಮಾಸ್ತರಿಗೆ, ಲೆಕ್ಕಿಗರಿಗೆ, ವೆಲ್ಡರ್‌ಗೆ, ಸಾಮಾನು ಹೊರುವವರಿಗೆ ಎಷ್ಟೆಷ್ಟು ಸಿಗುತ್ತಿದೆ ಎಂಬ ಪಟ್ಟಿ ಹಲವರಿಗೆ ಬೇಕಾಗುತ್ತದೆ. ವೇತನ ಒಪ್ಪಂದದ ಮಾತುಕತೆಗೆ ಕೂರುವ ಕಾರ್ಮಿಕ ಸಂಘ, ಹೊಸದಾಗಿ ಕೆಲಸಗಾರರನ್ನು ನೇಮಿಸಿಕೊಳ್ಳುವ ಸಣ್ಣ ಉದ್ದಿಮೆ, ಯಾವ ತರಬೇತಿಗೆ ಸೇರಬೇಕೆಂದು ಯೋಚಿಸುವ ಯುವಕ ಯುವತಿಯರು ಎಲ್ಲರೂ ಇಂಥ ಪಟ್ಟಿಯನ್ನೇ ನೆಚ್ಚುತ್ತಾರೆ. ಆದರೆ ಕಚೇರಿಯವರ ದುಡಿಮೆಯನ್ನು ತಿಂಗಳ ಲೆಕ್ಕದಲ್ಲಿಯೂ ಕೈಕೆಲಸದವರ ದುಡಿಮೆಯನ್ನು ದಿನದ ಅಥವಾ ಗಂಟೆಯ ಲೆಕ್ಕದಲ್ಲಿಯೂ ಬರೆದಿಟ್ಟು, ಎರಡನ್ನೂ ಅಕ್ಕಪಕ್ಕ ಇಟ್ಟು ತೀರ್ಮಾನಕ್ಕೆ ಬಂದರೆ ಆ ತೀರ್ಮಾನ ತಪ್ಪುತ್ತದೆ. ಅದರ ನಷ್ಟ ಹೆಚ್ಚಾಗಿ ಬೀಳುವುದು ಕೈಕೆಲಸದವರ ಮೇಲೆ. ಆದ್ದರಿಂದ ಈ ಕೆಲಸವನ್ನು ಕ್ರಮವಾಗಿ ಮಾಡಬೇಕು.

ಪ್ರದೇಶದ ಗಡಿ ಗುರುತಿಸಿ

ಸ್ಥಳೀಯ ಉದ್ಯೋಗ ಮಾರುಕಟ್ಟೆ ಎಂದರೆ ಆಡಳಿತದ ನಕ್ಷೆಯಲ್ಲಿರುವ ಗಡಿಯಲ್ಲ. ಒಬ್ಬ ಕೆಲಸಗಾರ ಮನೆ ಬದಲಿಸದೆ ಕೆಲಸ ಬದಲಿಸಬಹುದಾದಷ್ಟು ದೂರವೇ ಅದರ ವ್ಯಾಪ್ತಿ. ಈ ದೂರ ಎಲ್ಲರಿಗೂ ಒಂದೇ ಆಗಿರುವುದಿಲ್ಲ: ಹೆಚ್ಚು ಸಂಬಳದ ಕಚೇರಿ ನೌಕರರು ಪ್ರಯಾಣದ ಖರ್ಚು ಭರಿಸಿ ದೂರದಿಂದಲೂ ಬರಬಲ್ಲರು, ಕಡಿಮೆ ಕೂಲಿಯವರಿಗೆ ಪ್ರಯಾಣದ ವೆಚ್ಚವೇ ದೊಡ್ಡ ಪಾಲಾಗುವುದರಿಂದ ಅವರ ಆಯ್ಕೆ ಹತ್ತಿರದ ಕೆಲವೇ ಕಾರ್ಖಾನೆಗಳಿಗೆ, ಕಾಮಗಾರಿಗಳಿಗೆ ಸೀಮಿತವಾಗುತ್ತದೆ. ಜನ ನಿಜವಾಗಿ ಎಲ್ಲಿಂದ ಎಲ್ಲಿಗೆ ಕೆಲಸಕ್ಕೆ ಹೋಗುತ್ತಾರೆಂಬುದನ್ನು ಆಧರಿಸಿ ಒಂದು ಗಡಿಯನ್ನು ನಿರ್ಧರಿಸಿ, ಅದನ್ನು ಪಟ್ಟಿಯ ಮೇಲ್ಭಾಗದಲ್ಲಿಯೇ ಬರೆಯಿರಿ.

ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು ಹಿಡಿಯಿರಿ

ಒಂದು ಸಂಸ್ಥೆಯಲ್ಲಿ ‘ಸಹಾಯಕ’ ಎನಿಸಿಕೊಂಡವರು ಕಡತಗಳನ್ನು ಜೋಡಿಸುತ್ತಿರಬಹುದು, ಇನ್ನೊಂದರಲ್ಲಿ ಇಡೀ ವಿಭಾಗದ ಲೆಕ್ಕ ನೋಡಿಕೊಳ್ಳುತ್ತಿರಬಹುದು. ಹಾಗಾಗಿ ಪ್ರತಿ ಉದ್ಯೋಗಕ್ಕೂ ಎರಡು ಮೂರು ವಾಕ್ಯಗಳ ವಿವರಣೆ ಸಿದ್ಧಪಡಿಸಿ, ಅದಕ್ಕೆ ಹೊಂದುವವರನ್ನು ಮಾತ್ರ ಆ ಸಾಲಿಗೆ ಸೇರಿಸಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2008ರಲ್ಲಿ ಪರಿಷ್ಕರಿಸಿದ ಉದ್ಯೋಗ ವರ್ಗೀಕರಣ ಇದಕ್ಕೆ ಒಳ್ಳೆಯ ಆಧಾರ. ಅದರಲ್ಲಿ 10 ಪ್ರಧಾನ ಗುಂಪುಗಳೂ 436 ಬಿಡಿ ಉದ್ಯೋಗ ಗುಂಪುಗಳೂ ಇವೆ. ಗುಮಾಸ್ತಿಕೆಯ ಕೆಲಸಗಳು 4ನೇ ಗುಂಪಿನಲ್ಲಿ, ಕುಶಲ ಕಸುಬುಗಳು 7ರಲ್ಲಿ, ಯಂತ್ರ ನಡೆಸುವವರು ಮತ್ತು ಬಿಡಿಭಾಗ ಜೋಡಿಸುವವರು 8ರಲ್ಲಿ, ಸರಳ ದೈಹಿಕ ಕೆಲಸಗಳು 9ರಲ್ಲಿ ಬರುತ್ತವೆ. ಕೈಕೆಲಸವೆಂದರೆಲ್ಲ ಒಂದೇ ಎಂದು ಭಾವಿಸಿ ಕುಶಲ ವೆಲ್ಡರ್‌ನನ್ನೂ ಹೊರೆ ಹೊರುವವರನ್ನೂ ಒಂದೇ ಸರಾಸರಿಗೆ ಸೇರಿಸುವುದು ಇಬ್ಬರಿಗೂ ಅನ್ಯಾಯ.

ಮಾಹಿತಿಯನ್ನು ಸಂಬಳದ ಪುಸ್ತಕದಿಂದ ತೆಗೆದುಕೊಳ್ಳಿ

ಉದ್ಯೋಗದ ಜಾಹೀರಾತಿನಲ್ಲಿರುವ ಮೊತ್ತ ಕೊಡಬಹುದಾದದ್ದು, ಕೊಟ್ಟದ್ದಲ್ಲ. ಸಾಧ್ಯವಾದಲ್ಲೆಲ್ಲ ಒಂದು ನಿಶ್ಚಿತ ತಿಂಗಳನ್ನು ಆರಿಸಿಕೊಂಡು, ಆ ತಿಂಗಳ ವೇತನ ಪಟ್ಟಿಯನ್ನೇ ಎಲ್ಲ ಸಂಸ್ಥೆಗಳಿಂದ ಕೇಳಬೇಕು. ಕೆಲಸಗಾರರಿಂದ ಕೇಳುವುದಾದರೆ ವೇತನ ಚೀಟಿ ನೋಡಿ ಬರೆದುಕೊಳ್ಳಬೇಕು. ಕಡಿತಗಳಾದ ಮೇಲೆ ಕೈಗೆ ಬರುವ ಮೊತ್ತವನ್ನು ಒಬ್ಬರಿಂದ, ಕಡಿತಕ್ಕೆ ಮುಂಚಿನ ಮೊತ್ತವನ್ನು ಇನ್ನೊಬ್ಬರಿಂದ ಪಡೆದರೆ ಹೋಲಿಕೆ ಅಲ್ಲಿಗೇ ಕೆಡುತ್ತದೆ.

ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಸ್ವಚ್ಛತೆ, ಕಾವಲು, ಸಾಮಾನು ಇಳಿಸುವ ಕೆಲಸಗಳನ್ನು ಅನೇಕ ಸಂಸ್ಥೆಗಳು ಗುತ್ತಿಗೆದಾರರಿಗೆ ವಹಿಸಿರುತ್ತವೆ. ಆ ಕೆಲಸಗಾರರು ದಿನವೂ ಅದೇ ಕಟ್ಟಡದಲ್ಲಿ ದುಡಿದರೂ ಅವರ ಹೆಸರು ಆ ಸಂಸ್ಥೆಯ ವೇತನ ಪಟ್ಟಿಯಲ್ಲಿ ಇರುವುದಿಲ್ಲ. ಗುತ್ತಿಗೆದಾರರನ್ನು ಪ್ರತ್ಯೇಕವಾಗಿ ಕೇಳದೆ ಬಿಟ್ಟರೆ ಆ ಪ್ರದೇಶದ ಅತಿ ಕಡಿಮೆ ಕೂಲಿಯವರೇ ಲೆಕ್ಕದಿಂದ ಮಾಯವಾಗುತ್ತಾರೆ ಮತ್ತು ಕೈಕೆಲಸದ ವೇತನ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಶ್ರಮ ಎಷ್ಟೇ ಬೇಡಿದರೂ ಈ ಹಂತವನ್ನು ಬಿಡಬಾರದು.

ಎಲ್ಲವನ್ನೂ ಒಂದು ಗಂಟೆಗೆ ಇಳಿಸಿ

ಇದೇ ಇಡೀ ಕೆಲಸದ ಜೀವಾಳ. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೊ ದಶಕಗಳ ಕಾಲ ನಡೆಸಿದ ಪ್ರದೇಶವಾರು ವೇತನ ಸಮೀಕ್ಷೆಗಳಲ್ಲಿ ಕಚೇರಿ ನೌಕರರಿಗೆ ವಾರದ ಸಂಬಳವನ್ನೂ ಅದರ ಜೊತೆಗೆ ವಾರದ ನಿಗದಿತ ಗಂಟೆಗಳನ್ನೂ, ಕಾರ್ಖಾನೆಯವರಿಗೆ ಗಂಟೆಯ ಗಳಿಕೆಯನ್ನೂ ಕೊಡುತ್ತಿದ್ದರು. ಓವರ್‌ಟೈಮ್, ರಜಾದಿನದ ದುಡಿಮೆ ಮತ್ತು ರಾತ್ರಿ ಪಾಳಿಗೆ ಸಿಗುವ ಹೆಚ್ಚುವರಿ ಹಣವನ್ನು ಹೊರಗಿಡುತ್ತಿದ್ದರು. ನಾವೂ ಹಾಗೆಯೇ ಮಾಡಬೇಕು. ಓವರ್‌ಟೈಮ್ ಸೇರಿಸಿದರೆ ಹೆಚ್ಚು ಹೊತ್ತು ದುಡಿದವರು ಹೆಚ್ಚು ದರ ಪಡೆದವರಂತೆ ತೋರುತ್ತಾರೆ. ಆ ಮೊತ್ತವನ್ನು ಬೇರೆ ಕಲಮಿನಲ್ಲಿ ಬರೆದಿಟ್ಟರೆ ಸಾಕು. ಪ್ರತಿ ತಿಂಗಳೂ ತಪ್ಪದೆ ಸಿಗುವ ತುಟ್ಟಿಭತ್ಯೆಯಂಥವನ್ನು ಮಾತ್ರ ಮೂಲ ವೇತನಕ್ಕೆ ಸೇರಿಸಿಕೊಳ್ಳಬಹುದು.

ಲೆಕ್ಕ ಹೀಗೆ: ವಾರದ ಗಂಟೆಗಳನ್ನು 52ರಿಂದ ಗುಣಿಸಿ 12ರಿಂದ ಭಾಗಿಸಿದರೆ ತಿಂಗಳ ಗಂಟೆಗಳು ಸಿಗುತ್ತವೆ. ವಾರಕ್ಕೆ 40 ಗಂಟೆ ಇರುವ ಕಚೇರಿಯಲ್ಲಿ ತಿಂಗಳಿಗೆ ಸುಮಾರು 173 ಗಂಟೆ, ವಾರಕ್ಕೆ 48 ಗಂಟೆ ಇರುವ ಕಾರ್ಖಾನೆಯಲ್ಲಿ 208 ಗಂಟೆ. ಇಬ್ಬರಿಗೂ ತಿಂಗಳಿಗೆ ಒಂದೇ ಮೊತ್ತ ಸಿಗುತ್ತಿದ್ದರೂ ಕಾರ್ಖಾನೆಯವರ ಒಂದು ಗಂಟೆಯ ಬೆಲೆ ಕಚೇರಿಯವರಿಗಿಂತ ಆರನೇ ಒಂದು ಪಾಲು ಕಡಿಮೆ ಎಂದಾಯಿತು.

ವ್ಯತ್ಯಾಸ ಅಲ್ಲಿಗೇ ನಿಲ್ಲುವುದಿಲ್ಲ. ಕಚೇರಿಯವರಿಗೆ ವರ್ಷದಲ್ಲಿ ಸಂಬಳಸಹಿತ 30 ದಿನ ರಜೆ ಇದ್ದು, ಕಾರ್ಖಾನೆಯವರಿಗೆ ವಾರದ ರಜೆಯ ಹೊರತು ಬೇರೇನೂ ಇಲ್ಲ ಎಂದಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆಯಂತೆ ಮೊದಲಿನವರು ನಿಜವಾಗಿ ದುಡಿಯುವುದು 230 ದಿನ, ಅಂದರೆ 1,840 ಗಂಟೆ. ಎರಡನೆಯವರು 312 ದಿನ, ಅಂದರೆ 2,496 ಗಂಟೆ. ಈಗ ಅಂತರ ಶೇ 26ಕ್ಕೆ ಏರುತ್ತದೆ. ತಿಂಗಳ ಪಟ್ಟಿಯಲ್ಲಿ ಸಮಾನವಾಗಿ ಕಂಡ ಇಬ್ಬರ ನಡುವೆ ಇಷ್ಟು ದೊಡ್ಡ ಕಂದರ ಅಡಗಿರುತ್ತದೆಂಬುದನ್ನು ವೇತನ ನಿಗದಿ ಮಾಡುವ ಪ್ರತಿಯೊಬ್ಬರೂ ಅರಿಯಲೇಬೇಕು.

ದಿನಗೂಲಿಯವರ ವಿಷಯದಲ್ಲಿ ಇನ್ನೂ ಒಂದು ಪ್ರಶ್ನೆ ಕೇಳಬೇಕಾಗುತ್ತದೆ: ಹಿಂದಿನ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು? ದಿನದ ದರ ಒಳ್ಳೆಯದಿದ್ದರೂ ತಿಂಗಳಲ್ಲಿ 15 ದಿನ ಮಾತ್ರ ಕೆಲಸ ಸಿಕ್ಕವರ ವರಮಾನವನ್ನು ಆ ದರವನ್ನು 26ರಿಂದ ಗುಣಿಸಿ ತೋರಿಸುವುದು ಸುಳ್ಳಾಗುತ್ತದೆ. ಮಾಡಿದ ತುಂಡಿಗೆ ಇಷ್ಟು ಎಂದು ಪಡೆಯುವವರಾದರೆ ವಾರದ ಒಟ್ಟು ಗಳಿಕೆಯನ್ನು ಆ ವಾರ ಕೆಲಸದಲ್ಲಿ ಕಳೆದ ಗಂಟೆಗಳಿಂದ ಭಾಗಿಸಿ. ಕಚ್ಚಾ ಸಾಮಗ್ರಿಗೆ ಕಾದ ಹೊತ್ತನ್ನೂ ಆ ಗಂಟೆಗಳಲ್ಲಿ ಸೇರಿಸಬೇಕು.

ಸರಾಸರಿಗಿಂತ ಮಧ್ಯಾಂಕವೇ ಮೇಲು

ಐವರ ಗಂಟೆಯ ವೇತನ 80, 85, 90, 100 ಮತ್ತು 245 ಆಗಿದ್ದರೆ ಸರಾಸರಿ 120. ಐವರಲ್ಲಿ ನಾಲ್ವರಿಗೆ ಅಷ್ಟು ಸಿಗುವುದೇ ಇಲ್ಲ. ಏರಿಕೆಯ ಕ್ರಮದಲ್ಲಿ ನಡುವೆ ನಿಲ್ಲುವ 90 ನಿಜಸ್ಥಿತಿಗೆ ಹತ್ತಿರ. ಅದರ ಜೊತೆಗೆ ಕೆಳಗಿನ ಕಾಲುಭಾಗದವರ ಮತ್ತು ಮೇಲಿನ ಕಾಲುಭಾಗದವರ ಗಡಿಯನ್ನೂ ಕೊಟ್ಟರೆ, ಹೊಸದಾಗಿ ಸೇರಿದವರೂ ಅನುಭವಿಗಳೂ ತಮ್ಮ ಸ್ಥಾನವನ್ನು ಗುರುತಿಸಿಕೊಳ್ಳಬಲ್ಲರು.

ಸಂಸ್ಥೆಗಳನ್ನಲ್ಲ, ಕೆಲಸಗಾರರನ್ನು ಎಣಿಸುವುದೂ ಅಷ್ಟೇ ಮುಖ್ಯ. 200 ಮಂದಿಗೆ 110ರಂತೆ ಕೊಡುವ ಒಂದು ಕಾರ್ಖಾನೆ, ತಲಾ 5 ಮಂದಿಗೆ 70ರಂತೆ ಕೊಡುವ ನಾಲ್ಕು ವರ್ಕ್‌ಶಾಪ್‌ಗಳಿದ್ದರೆ ಸಂಸ್ಥೆವಾರು ಸರಾಸರಿ 78, ಕೆಲಸಗಾರರ ಲೆಕ್ಕದಲ್ಲಿ 106. ಒಂದು ಉದ್ಯೋಗಕ್ಕೆ ಮೂರಕ್ಕಿಂತ ಕಡಿಮೆ ಸಂಸ್ಥೆಗಳು ಮಾಹಿತಿ ಕೊಟ್ಟಿದ್ದರೆ ಆ ಸಾಲನ್ನು ಪ್ರಕಟಿಸಬೇಡಿ. ಯಾರು ಎಷ್ಟು ಕೊಡುತ್ತಾರೆಂಬ ಗುಟ್ಟು ಬಯಲಾದರೆ ಮುಂದಿನ ಬಾರಿ ಯಾರೂ ಬಾಯಿ ಬಿಡುವುದಿಲ್ಲ.

ಮುಂದಿನ ವರ್ಷದ ಹೋಲಿಕೆಗೆ

ಎರಡನೆಯ ವರ್ಷದ ಪಟ್ಟಿಯಲ್ಲಿ ವೇತನ ಏರಿದಂತೆ ಕಂಡರೆ ಕೂಡಲೇ ಸಂತೋಷಪಡುವಂತಿಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ಹಲವು ದೇಶಗಳಲ್ಲಿ ಕಡಿಮೆ ವೇತನದವರೇ ಮೊದಲು ಕೆಲಸ ಕಳೆದುಕೊಂಡರು. ಉಳಿದವರ ಸರಾಸರಿ ವೇತನ ಲೆಕ್ಕದಲ್ಲಿ ಮೇಲಕ್ಕೆ ಹೋಯಿತು, ಯಾರ ಸಂಬಳವೂ ಹೆಚ್ಚದಿದ್ದರೂ. ಇಂಥ ಭ್ರಮೆಗೆ ಒಳಗಾಗದಿರಲು ಎರಡೂ ವರ್ಷ ಮಾಹಿತಿ ಕೊಟ್ಟ ಸಂಸ್ಥೆಗಳನ್ನು ಮಾತ್ರ ಬೇರ್ಪಡಿಸಿ, ಅದೇ ಉದ್ಯೋಗದ ಗಂಟೆಯ ದರವನ್ನು ಹೋಲಿಸಿ ನೋಡಬೇಕು. ವೇತನದ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಎಷ್ಟು ಮಂದಿಯ ವೇತನ ಎಂಬುದನ್ನೂ ಎರಡೂ ವರ್ಷಕ್ಕೆ ಬರೆದಿದ್ದರೆ, ಕೆಲಸ ಹೋದವರು ಎಲ್ಲಿ ಎಷ್ಟಿದ್ದಾರೆಂಬುದು ಅದೇ ಪಟ್ಟಿಯಲ್ಲಿ ಕಾಣಿಸುತ್ತದೆ.