ಅವರನ್ನೇ ನೋಡಿ ಕೇಳಿ

ಸಂಜ್ಞಾ ಭಾಷೆಯ ದುಭಾಷಿಯಾಗಿ ಕೆಲಸಕ್ಕೆ ಇಳಿದಾಗ ನನ್ನ ಭಯವೆಲ್ಲ ಕೈಗಳ ಬಗ್ಗೆ ಇತ್ತು: ಸಂಜ್ಞೆ ತಪ್ಪಿದರೆ? ವೇಗ ಸಾಲದಿದ್ದರೆ? ಕಿವಿ ಕೇಳುವವರ ಕಣ್ಣನ್ನು ಕಿವುಡರತ್ತ ತಿರುಗಿಸುವುದು ಅದಕ್ಕಿಂತ ಕಷ್ಟವೆಂದು ತಿಳಿದದ್ದು ಒಂದು ಆಸ್ಪತ್ರೆಯ ಕೋಣೆಯಲ್ಲಿ.

ಹೊಟ್ಟೆನೋವೆಂದು ಬಂದಿದ್ದವರು ಕಿವುಡ ಮಹಿಳೆ. ವೈದ್ಯರು ನನ್ನತ್ತ ತಿರುಗಿ, "ಇವರಿಗೆ ಎಷ್ಟು ದಿನದಿಂದ ನೋವಂತೆ?" ಎಂದರು. ಆಕೆ ಹುಬ್ಬು ಗಂಟಿಕ್ಕಿ, ಬಲಪಕ್ಕೆಯ ಬಳಿ ಮುಷ್ಟಿ ತಿರುಚಿ, ನೋವು ಹೇಗೆ ಏರಿ ಇಳಿಯುತ್ತದೆಂದು ತೋರಿಸುತ್ತಿದ್ದರು. ವೈದ್ಯರು ಮಾತ್ರ ಚೀಟಿಯ ಮೇಲೆ ಕಣ್ಣಿಟ್ಟು ನನ್ನ ದನಿಗೆ ಕಾಯುತ್ತಿದ್ದರು. ನಡುವೆ, "ಪಾಪ, ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದನ್ನು ಈಗಲೇ ಹೇಳಬೇಡಿ" ಎಂದರು. ನಾನು ಹೇಳಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ನನ್ನ ಪದ್ಧತಿಯನ್ನೇ ಬದಲಿಸಿದೆ. ಕಿವಿ ಕೇಳುವವರ ಪಕ್ಕದಲ್ಲಿ, ಒಂದು ಹೆಜ್ಜೆ ಹಿಂದೆ ಕುಳಿತುಕೊಳ್ಳುತ್ತೇನೆ. ಆಗ ಕಿವುಡರಿಗೆ ಇಬ್ಬರೂ ಒಟ್ಟಿಗೆ ಕಾಣುತ್ತೇವೆ. ಮಾತು ಶುರುವಾಗುವ ಮೊದಲೇ ಹೇಳಿಬಿಡುತ್ತೇನೆ: "ನಾನು 'ನನಗೆ ನೋವಿದೆ' ಎಂದರೆ ಅದು ಅವರ ಮಾತು. 'ನಿಮಗೆ' ಎಂದು ಅವರನ್ನೇ ನೋಡಿ ಕೇಳಿ. ಈ ಕೋಣೆಯಲ್ಲಿ ಆಡಿದ್ದೆಲ್ಲವನ್ನೂ ಅವರಿಗೆ ತಲುಪಿಸುತ್ತೇನೆ." 'ಹೇಳಬೇಡಿ' ಎಂಬುದನ್ನೂ ಈಗ ತಲುಪಿಸುತ್ತೇನೆ.

"ತುಟಿ ನೋಡಿ ತಿಳಿದುಕೊಳ್ಳುವುದಿಲ್ಲವೇ?" ಎಂದು ಕೇಳುವವರಿಗೆ ಕನ್ನಡಿಯ ಮುಂದೆ ದನಿಯಿಲ್ಲದೆ 'ಪಾಪ', 'ಮಾಮ' ಎನ್ನಲು ಹೇಳುತ್ತೇನೆ. ತುಟಿಗಳ ಮೇಲೆ ಎರಡೂ ಒಂದೇ. ಕಿರುಚಿದರೆ ತುಟಿಯ ಆಕಾರ ಇನ್ನಷ್ಟು ಕೆಡುತ್ತದೆ.

ಒಬ್ಬ ಹಿರಿಯರಿಗೆ ಹಲವು ಸಲ ದುಭಾಷಿಯಾಗಿದ್ದೇನೆ. ಮನೆಯಲ್ಲಿ ಎದೆಯ ಮಟ್ಟದಲ್ಲಿ ಅಗಲವಾಗಿ ಆಡುವ ಅವರ ಕೈಗಳು ಜನರ ನಡುವೆ ಸೊಂಟದ ಬಳಿಗೆ ಇಳಿದು ಸಣ್ಣಗಾಗುತ್ತವೆ. ಶಾಲೆಯಲ್ಲಿ ಸಂಜ್ಞೆ ಮಾಡಿದರೆ ಬೆರಳ ಗೆಣ್ಣಿಗೆ ಏಟು ಬೀಳುತ್ತಿತ್ತಂತೆ. ಮೇಜಿನ ಕೆಳಗೆ ಮಾತನಾಡಿ ಬೆಳೆದವರು. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಪಾಠವಾಗಬೇಕೆಂದು ನಿರ್ಣಯಿಸಿತ್ತು. ಅದೇ ಸರಣಿಯ ಮುಂದಿನ ಸಮ್ಮೇಳನವೊಂದು ಕೆನಡಾದ ವ್ಯಾಂಕೂವರ್‌ನಲ್ಲಿ ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಹೇಳಿದ್ದು 2010ರಲ್ಲಿ. 130 ವರ್ಷ! ಈ ಹಿರಿಯರ ಇಡೀ ಬಾಲ್ಯ ಆ ಅಂತರದೊಳಗೆ ಕಳೆದುಹೋಯಿತು.

ಕಳೆದ ಸಲ ಕಚೇರಿಯೊಂದರಲ್ಲಿ ಯುವ ಅಧಿಕಾರಿಯೊಬ್ಬರು ನನ್ನ ಮಾತು ಕೇಳಿ ಕುರ್ಚಿಯನ್ನೇ ಅವರತ್ತ ತಿರುಗಿಸಿ, "ನಿಮಗೆ ಏನು ಬೇಕಾಗಿತ್ತು, ಹೇಳಿ" ಎಂದರು. ಹಿರಿಯರು ಒಮ್ಮೆ ನನ್ನನ್ನು ನೋಡಿದರು, ಮತ್ತೆ ಅಧಿಕಾರಿಯನ್ನು. ಕೈಗಳು ನಿಧಾನವಾಗಿ ಮೇಜಿನ ಮೇಲಕ್ಕೆ ಬಂದವು. ಪಿಂಚಣಿ ಏಕೆ ನಿಂತಿತೆಂದು ಅವರು ಹತ್ತು ನಿಮಿಷ ವಿವರಿಸಿದರು.